ಕಳಮೇಶ್ವರದ ಕ್ಷಮತೆ

ಕಲಬುರ್ಗಿಯಲ್ಲಿ ಹೋಳಿ ಮುಗಿದ ಮರುದಿನವೇ ಕೂಲರ್ ರಿಪೇರಿಯವರು ಬೀದಿಗೆ ಇಳಿಯುತ್ತಾರೆ. ಈ ವರ್ಷ ನಮ್ಮ ಮನೆಗೆ ಬಂದವನು ಹಳೆಯ ಪ್ಯಾಡ್ ಕಿತ್ತು, ಮೂರೂ ಬದಿಗೆ ಹೊಸ ಹುಲ್ಲು ತುಂಬಿ, ಒಂದು ಬಿಂದಿಗೆ ನೀರು ಸುರಿದು ಸ್ವಿಚ್ ಒತ್ತಿದ. ಹುಲ್ಲು ಎಂದು ಕರೆಯುವುದಷ್ಟೇ, ಅದು ಕಟ್ಟಿಗೆಯಿಂದ ಹೆರೆದು ತೆಗೆದ ತೆಳ್ಳನೆಯ ಎಳೆ. ನೀರು ತಾಗಿದ ಕೂಡಲೇ ಅದರಿಂದ ಒಂದು ವಾಸನೆ ಏಳುತ್ತದೆ. ಬಡಗಿಯ ಅಂಗಡಿಯೊಳಗೆ ಮಳೆ ಸುರಿದ ಹಾಗೆ. ಎರಡು ದಿನದಲ್ಲಿ ಅದು ಹೋಗಿಬಿಡುತ್ತದೆ. ಆ ಎರಡು ದಿನ ನಾನು ನಾಗಪುರದಲ್ಲಿರುತ್ತೇನೆ. ಸರಿಯಾಗಿ ಹೇಳಬೇಕೆಂದರೆ, ಅಲ್ಲಿಂದ ಬಸ್ಸಿನಲ್ಲಿ ಗಂಟೆಯೊಳಗೆ ತಲುಪುವ ಕಳಮೇಶ್ವರದ ಕೈಗಾರಿಕಾ ವಸಾಹತಿನಲ್ಲಿ, ಒಂದು ಕೂಲರ್ ಕಾರ್ಖಾನೆಯ ಅಂಗಳದಲ್ಲಿ.

ಕೊರೊನಾ ಕಾಲ ಮುಗಿದು ಕಾರ್ಖಾನೆಗಳು ಮತ್ತೆ ಚೇತರಿಸಿಕೊಳ್ಳುತ್ತಿದ್ದ ವರ್ಷಗಳು. ಬ್ಯಾಂಕಿನಲ್ಲಿದ್ದ ನನ್ನ ಗಂಡನಿಗೆ ನಾಗಪುರಕ್ಕೆ ವರ್ಗವಾಯಿತು. ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನ ಕೆಲಸ ಬಿಟ್ಟು ನಾನೂ ಹೊರಟೆ. ನಾಗಪುರದಲ್ಲಿ ಕನ್ನಡ ಪತ್ರಿಕೆ ಎಲ್ಲಿಂದ ಬರಬೇಕು? ನನ್ನ ಮರಾಠಿ ಸುದ್ದಿ ಬರೆಯುವಷ್ಟು ಇರಲಿಲ್ಲ. ಪ್ರಶ್ನೆ ಕೇಳುವಷ್ಟು ಇತ್ತು. ಹಾಗಾಗಿ ಕಾರ್ಖಾನೆಗಳ ಸಮೀಕ್ಷೆ ಮಾಡುವ ಒಂದು ಸಂಸ್ಥೆಯಲ್ಲಿ ಪ್ರಶ್ನೆ ಕೇಳುವ ಕೆಲಸಕ್ಕೇ ಸೇರಿದೆ.

ಕೆಲಸ ಹೇಳುವುದಕ್ಕೆ ಸುಲಭ. ಒಂದು ಕಾರ್ಖಾನೆ ಎಷ್ಟು ಮಾಲು ಮಾಡಬಲ್ಲದು, ಅದರಲ್ಲಿ ಈಗ ಎಷ್ಟು ಮಾಡುತ್ತಿದೆ ಎಂದು ಮೂರು ತಿಂಗಳಿಗೊಮ್ಮೆ ಕೇಳಿ ಶೇಕಡಾ ಲೆಕ್ಕ ತೆಗೆಯುವುದು. ಇದಕ್ಕೆ ಸಾಮರ್ಥ್ಯದ ಬಳಕೆ ಎನ್ನುತ್ತಾರೆ. ಎಲ್ಲರ ಶೇಕಡಾ ಮೇಲಕ್ಕೆ ಹೋದರೆ ದೇಶ ಹೊಸ ಯಂತ್ರ ಕೊಳ್ಳುವ ಕಾಲ ಬಂತೆಂದು ಅರ್ಥ. ಕೆಳಗೆ ಬಂದರೆ ಇದ್ದ ಯಂತ್ರಗಳೇ ಕೆಲಸವಿಲ್ಲದೆ ಕೂತಿವೆ ಎಂದು. ಮಾಡುತ್ತಿರುವುದನ್ನು ಎಣಿಸುವುದು ಕಷ್ಟವಲ್ಲ. ಮಾಡಬಲ್ಲದ್ದನ್ನು ಎಣಿಸುವುದು ಹೇಗೆ ಎಂಬುದೇ ತಲೆನೋವು.

ಕಾಮಠಿಯ ನೇಕಾರರೊಬ್ಬರ ಮನೆಯಲ್ಲಿ ಎರಡು ಮಗ್ಗಗಳಿದ್ದವು, ಒಂದು ನಿಂತಿತ್ತು. "ಹಾಗಾದರೆ ಅರ್ಧ ಬಳಕೆ ಅಂತ ಬರೆದುಕೊಳ್ಳಲಾ?" ಎಂದು ಕೇಳಿದೆ. "ಮಗ್ಗ ಎರಡು, ಮೇಡಂ. ನಾನು ಒಬ್ಬ. ನನ್ನನ್ನೂ ಅರ್ಧ ಅಂತ ಬರೀತೀರಾ?" ಎಂದು ಅವರು ನಕ್ಕರು. ಸಾವನೇರ್ ಕಡೆಯ ಹತ್ತಿ ಜಿನ್ನಿಂಗ್ ಮಿಲ್ಲಿನವರು ಹತ್ತಿ ಬರುವ ತಿಂಗಳುಗಳಲ್ಲಿ ಉಸಿರು ಬಿಡದೆ ಓಡಿಸಿ, ಆಮೇಲೆ ಗೇಟಿಗೆ ಬೀಗ ಹಾಕುತ್ತಿದ್ದರು. ಇದನ್ನು ತುಂಬಿದ್ದು ಎನ್ನಲೋ ಖಾಲಿ ಎನ್ನಲೋ ಎಂದರೆ ಮ್ಯಾನೇಜರು, "ಮದುವೆ ಹಾಲ್ ಇದ್ದ ಹಾಗೆ ನಮ್ಮದು. ಮುಹೂರ್ತ ನೋಡಿ ಬರೆಯಿರಿ" ಎಂದರು. ನಮ್ಮ ಸಾಹೇಬರು ಭೋಪಾಲಿನವರು. ಸೇರಿದ ದಿನವೇ ಒಂದು ನಿಯಮ ಹೇಳಿದ್ದರು: ಕೇಳಿ, ನೋಡಿ, ಬರೆದುಕೊಳ್ಳಿ, ಯಾರಿಗೂ ಸಲಹೆ ಕೊಡಬೇಡಿ. ಡೆಸ್ಕಿನಿಂದ ಬಂದವಳಿಗೆ ಅದು ಹೊಸ ಪಾಠವೇನಲ್ಲ.

ಕಳಮೇಶ್ವರದ ಆ ಕೂಲರ್ ಕಾರ್ಖಾನೆಯನ್ನು ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಫೋನಿನಲ್ಲೇ ಮುಗಿಸುತ್ತಿದ್ದರು. ಎರಡು ವರ್ಷದಿಂದ ಪ್ರತಿ ಸಲವೂ ಅದರ ಅಂಕಿ ತೊಂಬತ್ತಾರು. ಕೂಲರಿನಂಥ ಮಾಲು ಚಳಿಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಸಮ ತೊಂಬತ್ತಾರು ಹೇಗಿರುತ್ತದೆ? ನೋಡಿಯೇ ಬರೋಣ ಎಂದು ಹೋಳಿಯ ಮರುವಾರ ಬಸ್ಸು ಹತ್ತಿದೆ.

ಒಳಗೆ ಎತ್ತರದ ಒಬ್ಬ ಹಿರಿಯರು ಸ್ಕ್ರೂಗಳ ಡಬ್ಬಿಯ ಮುಂದೆ ಕೂತು ಎಣಿಸುತ್ತಿದ್ದರು. ಗೇಟಿನವನ ಹತ್ತಿರ ಹಿಂದಿಯಲ್ಲಿ, ಕೆಲಸದ ಹೆಂಗಸರ ಹತ್ತಿರ ಮರಾಠಿಯಲ್ಲಿ ಮಾತಾಡಿದ ಆ ಮನುಷ್ಯ ತನ್ನಷ್ಟಕ್ಕೆ "ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು" ಎನ್ನುತ್ತಿದ್ದದ್ದು ಕೇಳಿತು. ಎಲ್ಲಿದ್ದರೂ ಮನುಷ್ಯ ಎಣಿಸುವುದು ತಾನು ಮೊದಲು ಕಲಿತ ಭಾಷೆಯಲ್ಲೇ.

"ಯಾವೂರ್ರಿ ಕಾಕಾರ?" ಎಂದೆ.

ಸ್ಕ್ರೂ ಕೈಯಿಂದ ಬಿತ್ತು. "ಅರೇ! ಗೋಕಾಕ ಬಾಜೂಕ. ನೀವು?"

"ಹುಬ್ಬಳ್ಳಿ."

"ಹುಬ್ಬಳ್ಳಿಯಾಕಿ ಆಗಿ ಗೇಟಿನ್ಯಾಗ ಹಿಂದ್ಯಾಗ ಯಾಕ ಮಾತಾಡಿದಿ? ಬಾ ತಂಗಿ, ಒಳಗ ಬಾ. ಇಲ್ಲೆ ನನಗ ಕನ್ನಡಕ್ಕ ಸಿಗೂದು ನಮ್ಮನಿಯಾಕಿ ಒಬ್ಬಾಕೀನ. ಅದೂ ಆಕಿ ಮಾತಾಡ್ತಾಳ, ನಾ ಕೇಳ್ತೇನಿ."

ಅವರು ಶಿವಪುತ್ರಪ್ಪ ಮುಗಳಿ, ಕಾರ್ಖಾನೆಯ ಮ್ಯಾನೇಜರು. ಮೂವತ್ತು ವರ್ಷದ ಹಿಂದೆ ರಕ್ಷಣಾ ಕಾರ್ಖಾನೆಯ ಕೆಲಸಕ್ಕೆಂದು ನಾಗಪುರಕ್ಕೆ ಬಂದವರು. ಅಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಪಾಸ್ ಅಥವಾ ಫೇಲ್ ಮಾಡುವ ವಿಭಾಗದಲ್ಲಿದ್ದು ನಿವೃತ್ತರಾದ ಮೇಲೆ ಇಲ್ಲಿಗೆ ಸೇರಿದ್ದರು. ಮಾಲೀಕರು ಸುಲಭಾ ಭೋಯರ್ ಎಂಬ ನಲವತ್ತರ ಹೆಂಗಸು, ನಾಗಪುರದ ಸೀತಾಬರ್ಡಿಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಮುಗಳಿ ಕಾಕಾ ಅವರನ್ನು "ತಾಯಿ" ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ, ಕನ್ನಡದಲ್ಲಿ ಅವ್ವ. ಕಾಕಾ ಯಾವ ಅರ್ಥದಲ್ಲಿ ಕರೆಯುತ್ತಿದ್ದರೋ, ಭಯಭಕ್ತಿ ಎರಡರದ್ದೂ ಇತ್ತು.

ಕಾರ್ಖಾನೆ ತೋರಿಸಿದರು. ತಗಡು ಕತ್ತರಿಸಿ ಮಡಚುವ ಯಂತ್ರಗಳು ಮೂರು. ಎರಡರ ಮೇಲೆ ತಾಡಪತ್ರಿ ಹೊದಿಸಿತ್ತು. ಹುಲ್ಲಿನ ಪ್ಯಾಡ್ ಕಟ್ಟುವ ಉದ್ದನೆಯ ಮೇಜುಗಳಲ್ಲಿ ಅರ್ಧ ಖಾಲಿ. ಉಳಿದರ್ಧದಲ್ಲಿ ಸುತ್ತಲಿನ ಹಳ್ಳಿಗಳ ಇಪ್ಪತ್ತರಷ್ಟು ಹೆಂಗಸರು ಕೂತಿದ್ದರು. ಅವರ ಮುಖ್ಯಸ್ಥೆ ಪ್ರಮಿಳಾಬಾಯಿಯ ದನಿ ಫ್ಯಾನಿನ ಸದ್ದಿಗಿಂತ ಒಂದು ಮೆಟ್ಟಿಲು ಮೇಲೆ. ಕೊನೆಗೆ ಒಂದು ಸಿಮೆಂಟಿನ ಕಟ್ಟೆ. ತಯಾರಾದ ಕೂಲರುಗಳನ್ನು ಒಂದು ಸಲಕ್ಕೆ ನಾಲ್ಕರಂತೆ ಅಲ್ಲಿಟ್ಟು, ನೀರು ತುಂಬಿ, ಮುಕ್ಕಾಲು ಗಂಟೆ ಓಡಿಸಿ ನೋಡಬೇಕು. ಸೋರುತ್ತದೆಯೇ, ಶಾಕ್ ಹೊಡೆಯುತ್ತದೆಯೇ, ಮೋಟಾರು ಒದರುತ್ತದೆಯೇ? ಕಾಕಾ ಡಾಕ್ಟರರಂತೆ ತಗಡಿಗೆ ಕಿವಿ ಹಚ್ಚಿ ಕೇಳಿ, ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು ಎಳೆದರೆ ಪಾಸ್.

"ಆ ಯಂತ್ರಕ್ಕ ಯಾಕ ಹೊದಸ್ಯಾರ ಕಾಕಾ?"

"ಕೆಲಸಿಲ್ಲ. ಆರ್ಡರ್ ಬರೂದಿಲ್ಲ. ಮಾರ್ಕೆಟ್ ಪೂರಾ ಬಿದ್ದೈತಿ." ಹೆಂಗಸರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಪಾಡವಾಕ್ಕ ಎಲ್ಲಾ ಬಂದ್ ಅಂತ. ತಾಯಿ ಹೊರಗಿಂದ ಪ್ಲಾಸ್ಟಿಕ್ ಕೂಲರ್ ತರಿಸಿ, ಮ್ಯಾಲೆ ನಮ್ಮ ಚೀಟಿ ಹಚ್ಚಿ ಮಾರ್ತಾರಂತ. ಈ ಶೆಡ್ ಗೋಡೌನ್‌ನವರಿಗೆ ಕೊಡ್ತಾರ. ಈ ಹೆಣ್ಮಕ್ಕಳಿಗೆ ಇನ್ನೂ ಹೇಳಿಲ್ಲ, ಗುಮಾನಿ ಬಂದೈತಿ ಅನಸ್ತೈತಿ. ಚಾ ಕುಡಿ, ತಂಗಿ."

ಪಾಡವಾ ಎಂದರೆ ನಮ್ಮ ಯುಗಾದಿ. ದೂರವಿರಲಿಲ್ಲ.

ಚಹಾ ಕುಡಿದು ನನ್ನ ಪ್ರಶ್ನೆಗೆ ಬಂದೆ. ಆಫೀಸಿನಲ್ಲಿ ಎಲ್ಲರೂ ಬಳಸುವ ಮರಾಠಿ ಮಾತನ್ನೇ ಬಳಸಿದೆ: "ಕ್ಷಮತಾ ಕಿತಿ ಟಕ್ಕೆ, ಕಾಕಾ?" ಶೇಕಡಾ ಎಷ್ಟು ಎಂದು.

"ತೊಂಬತ್ತಾರು." ಎದೆ ಮುಂದೆ ಬಂತು.

"ಮೂರು ಯಂತ್ರದಾಗ ಎರಡು ಮಲಗ್ಯಾವ. ತೊಂಬತ್ತಾರು ಹೆಂಗ ಆಗ್ತೈತ್ರಿ?"

"ಮಲಗಿದ್ದಕ್ಕೂ ಇದಕ್ಕೂ ಏನ್ ಸಂಬಂಧ? ನೂರು ಕೂಲರ್ ಮಾಡಿದ್ರ ತೊಂಬತ್ತಾರು ಮೊದಲನೇ ಸಲಕ್ಕನ ಪಾಸ್. ನಾಲ್ಕು ಸೋರ್ತಾವ, ಅವನ್ನ ತಿದ್ದಿ ಕಳಸ್ತೇನಿ. ಈ ಇಡೀ ವಸಾಹತಿನ್ಯಾಗ ಇಷ್ಟು ಯಾರ್ದೂ ಇಲ್ಲ, ಬರಕೋ."

"ಇದು ಕ್ಷಮತೆ ಏನ್ರಿ?"

"ಮತ್ತೇನು ಕುಂಬಳಕಾಯಿ? ಸಾಲ್ಯಾಗ ಏನ್ ಹೇಳ್ಯಾರ ನಿನಗ? ಕ್ಷಮತೆ ಅಂದ್ರ ಮಾಡೂ ಕೆಲಸ ಎಷ್ಟು ಛಲೋ ಮಾಡ್ತೀವಿ ಅನ್ನೂದು. ಕಾರ್ಯಕ್ಷಮತೆ!"

ನಾನು ಪೆನ್ನು ಕೆಳಗಿಟ್ಟೆ. ಕಾಕಾನ ಕನ್ನಡ ತಪ್ಪಿರಲಿಲ್ಲ. ನಮ್ಮಲ್ಲಿ ಕ್ಷಮತೆ ಎಂದರೆ ಕೆಲಸದ ಗುಣ, ನುರಿತ ಕೈ. ಮರಾಠಿಯಲ್ಲೂ ಹಿಂದಿಯಲ್ಲೂ ಅದೇ ಪದಕ್ಕೆ ಅಳವು ಎಂಬ ಅರ್ಥ: ಕೊಡಕ್ಕೆ ಎಷ್ಟು ನೀರು ಹಿಡಿಯುತ್ತದೆ, ಕಾರ್ಖಾನೆ ಎಷ್ಟು ಮಾಲು ತೆಗೆಯಬಲ್ಲದು ಎಂಬುದು. ಮೂವತ್ತು ವರ್ಷ ಮರಾಠಿಯಲ್ಲಿ ಮಾತಾಡಿದ ಮನುಷ್ಯ ಆ ಒಂದು ಪದವನ್ನು ಮಾತ್ರ ಗೋಕಾಕದ ಸಾಲಿಯಿಂದ ತಂದ ಅರ್ಥದಲ್ಲೇ ಇಟ್ಟುಕೊಂಡಿದ್ದರು. ಪದ ಎರಡೂ ಕಡೆ ಒಂದೇ ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಗೊತ್ತಿಲ್ಲದ ಪದವಾಗಿದ್ದರೆ ಅವರೇ ಕೇಳುತ್ತಿದ್ದರು.

ಇದನ್ನು ವಿವರಿಸಿದೆ. ಕಾಕಾ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಇದನ್ನ ತಾಯೀನೂ ಕೇಳ್ತಿದ್ರು, ಫೋನಿನ್ಯಾಗ" ಎಂದರು.

"ನೀವೇನಂತಿದ್ರಿ?"

"ಶಹಾಣ್ಣವ." ಮರಾಠಿಯ ತೊಂಬತ್ತಾರು.

"ಅವರು?"

"ಬರಂ, ಅಂದ್ರ ಆತು, ಅಂತ ಫೋನ್ ಇಡ್ತಿದ್ರು."

ನನ್ನ ನಿಯಮ ನನಗೆ ನೆನಪಿತ್ತು. ಆದರೆ ಸಮೀಕ್ಷೆಯ ಅಂಕಿಗೆ ಮಾಲೀಕರ ಸಹಿ ಬೇಕೆಂಬುದೂ ನಿಯಮವೇ, ನನಗಿಂತ ಮೊದಲಿನವರು ಅದನ್ನು ಬಿಟ್ಟಿದ್ದರು, ಅಷ್ಟೇ. ಮರುದಿನ ಸೀತಾಬರ್ಡಿಯ ಅಂಗಡಿಗೆ ಹೋದೆ. ಸುಲಭಾತಾಯಿ ಚುರುಕಿನ ಹೆಂಗಸು, ಒಂದು ಕಿವಿಯಲ್ಲಿ ಫೋನು, ಇನ್ನೊಂದು ಕಿವಿ ಗಿರಾಕಿಯ ಕಡೆಗೆ. ನಾನು ಕಾರ್ಖಾನೆಯ ಹೆಸರು ಹೇಳಿದ ಕೂಡಲೇ ನಿಟ್ಟುಸಿರು ಬಿಟ್ಟರು.

"ನಮ್ಮ ಅಪ್ಪ ಕಟ್ಟಿದ್ದು. ಏನು ಮಾಡೋದು, ಮುದಿಯಾಯಿತು" ಎಂದರು ಮರಾಠಿಯಲ್ಲಿ. "ತೊಂಬತ್ತಾರರಷ್ಟು ತುಂಬಿ ಓಡುತ್ತಿದೆ, ಆದರೂ ದಿನಕ್ಕೆ ಮೂವತ್ತೈದು ಕೂಲರ್ ಬಂದರೆ ಹೆಚ್ಚು. ಬೇರೆಯವರ ಕೂಲರ್ ಕಾರ್ಖಾನೆ ಅದರ ಮೂರು ಪಟ್ಟು ತೆಗೆಯುತ್ತೆ. ಮೊನ್ನೆ ಚಂದ್ರಪುರದ ವ್ಯಾಪಾರಿ ದೊಡ್ಡ ಆರ್ಡರ್ ತಂದಿದ್ದರು. ಪಾಡವಾದಿಂದ ದಿನಕ್ಕೆ ಎಂಬತ್ತು ಬೇಕಂತೆ. ಎಲ್ಲಿಂದ ತರಲಿ? ಜಾಗವಿಲ್ಲ ಅಂತ ಕಳಿಸಿಬಿಟ್ಟೆ. ಮುಗಳಿ ಕಾಕಾರಿಗೆ ಹೇಳಿಲ್ಲ. ಪಾಪ, ಅವರು ಹಗಲಿಡೀ ದುಡಿಯುತ್ತಾರೆ, ನಿಮ್ಮ ಕಾರ್ಖಾನೆ ಸಾಲದು ಅಂತ ಹೇಗೆ ಹೇಳಲಿ?"

ಒಬ್ಬರು ಜಾಗವಿಲ್ಲವೆಂದು ಆರ್ಡರ್ ವಾಪಸು ಕಳಿಸುತ್ತಿದ್ದರು. ಇನ್ನೊಬ್ಬರು ಆರ್ಡರ್ ಇಲ್ಲವೆಂದು ಜಾಗಕ್ಕೆ ತಾಡಪತ್ರಿ ಹೊದಿಸುತ್ತಿದ್ದರು. ನಡುವೆ ಒಂದು ತೊಂಬತ್ತಾರು.

"ಈ ಒಂದು ಪ್ರಶ್ನೆಯನ್ನು ಕಾರ್ಖಾನೆಯಲ್ಲಿ, ಇಬ್ಬರ ಎದುರಿಗೆ ಕೇಳಬೇಕು. ಬರುತ್ತೀರಾ?" ಎಂದು ಮಾತ್ರ ಹೇಳಿದೆ.

ಗುರುವಾರ ಅವರು ಸ್ಕೂಟಿಯ ಮೇಲೆ ಬಂದರು. ನಾಗಪುರದ ಹೆಂಗಸರಂತೆ ಮುಖದ ಸುತ್ತ ಓಢಣಿ ಸುತ್ತಿ, ಕಣ್ಣು ಮಾತ್ರ ಕಾಣುವಂತೆ. ಆ ಕಣ್ಣು ತಾಡಪತ್ರಿ ಹೊದ್ದ ಯಂತ್ರಗಳ ಮೇಲೆ ನಿಂತಿತು. ಅವರು ಶೆಡ್ಡಿನ ಒಳಗೆ ಕಾಲಿಟ್ಟು ವರ್ಷದ ಮೇಲಾಗಿತ್ತಂತೆ. ಕಾಕಾನ ಕೆಲಸದಲ್ಲಿ ಕೈ ಹಾಕಿದಂತಾಗುತ್ತದೆ ಎಂದು ಬರುತ್ತಿರಲಿಲ್ಲ. ನಾನು ಪ್ರಶ್ನೆ ಓದಿದೆ: ಇದ್ದ ಯಂತ್ರ, ಇದ್ದ ಜಾಗದಲ್ಲಿ, ಬೇಡಿಕೆ ಬಂದರೆ ದಿನಕ್ಕೆ ಹೆಚ್ಚೆಂದರೆ ಎಷ್ಟು ಮಾಡಬಹುದು?

ಉತ್ತರ ಕೊಡುವ ಬದಲು ಅವರಿಬ್ಬರೂ ಮರಾಠಿಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳತೊಡಗಿದರು.

"ಕಾಕಾ, ನೀವು ಫುಲ್ ಅಂದ್ರಿ."

"ನಾನು ಯಾವಾಗ ಫುಲ್ ಅಂದೆ ತಾಯಿ? ಶಹಾಣ್ಣವ ಅಂದೆ."

"ಶಹಾಣ್ಣವ ಅಂದರೆ ಫುಲ್ ಅಲ್ಲವಾ?"

"ಶಹಾಣ್ಣವ ಅಂದರೆ ಪಾಸ್!"

"ಎರಡು ಯಂತ್ರ ನಿಂತಿದೆ ಅಂತ ಒಂದು ಫೋನ್ ಮಾಡಬಾರದಿತ್ತಾ?"

"ಧಂದೆ ಯಾಕೆ ಕಮ್ಮಿಯಾಯಿತು ಅಂತ ಮಾಲೀಕರನ್ನು ಕೇಳೋದಾ? ನನಗೆ ಶೋಭಿಸುತ್ತದಾ?"

"ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ನಾನೂ ಬಾಯಿ ಬಿಡಲಿಲ್ಲ."

ಪ್ರಮಿಳಾಬಾಯಿ ಎರಡೂ ಕೈಯಲ್ಲಿ ಹುಲ್ಲು ಹಿಡಿದು ಹಿಂದೆಯೇ ನಿಂತಿದ್ದರು. "ಭಲೆ!" ಎಂದರು. "ನೀವಿಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಕೊಡುತ್ತಾ ನಮ್ಮನ್ನು ಮನೆಗೆ ಕಳಿಸುತ್ತಿದ್ದಿರಿ."

ಮೊದಲು ನಕ್ಕದ್ದು ಮೇಜಿನ ಹೆಂಗಸರು. ಆಮೇಲೆ ಸುಲಭಾತಾಯಿ ಓಢಣಿ ಬಿಚ್ಚಿ, ಅದರಲ್ಲೇ ಮುಖ ಒರೆಸಿಕೊಳ್ಳುತ್ತಾ ನಕ್ಕರು. ಕಾಕಾ ಮಾತ್ರ ನನ್ನ ಕಡೆ ತಿರುಗಿ, "ನಿನ್ನ ಇಲಾಖೆಯವರು ಪದಾನ ತಪ್ಪು ಇಟ್ಟಾರ" ಎಂದು ಕನ್ನಡದಲ್ಲಿ ಗೊಣಗಿದರು.

ಆದರೆ ಸುಲಭಾತಾಯಿ ನಗೆಯಲ್ಲಿ ನಿರ್ಧಾರ ಮಾಡುವವರಲ್ಲ. "ಖಾಲಿ ಇದೆ, ಸರಿ. ಎಷ್ಟು ಖಾಲಿ? ಎಂಬತ್ತು ಆಗುತ್ತದಾ?" ಎಂದು ಕೇಳಿದರು. ಕಾಕಾ ಯಂತ್ರಗಳ ಲೆಕ್ಕ ಹೇಳಿದರು, ಪ್ರಮಿಳಾಬಾಯಿ ಮೇಜುಗಳ ಲೆಕ್ಕ ಹೇಳಿದರು, ಎರಡೂ ಕೂಡಲಿಲ್ಲ. ಮೂರೂ ಯಂತ್ರ ಒಟ್ಟಿಗೆ ಓಡಿದ್ದನ್ನು ಈಗಿದ್ದವರಲ್ಲಿ ಯಾರೂ ನೋಡಿರಲಿಲ್ಲ.

"ಶನಿವಾರ ಗೋಡೌನ್‌ನವರು ಶೆಡ್ ಅಳೆಯೋಕೆ ಬರುತ್ತಾರೆ, ಮಾತು ಕೊಟ್ಟಿದ್ದೀನಿ" ಎಂದರು ಸುಲಭಾತಾಯಿ. "ಅವತ್ತು ಬೆಳಿಗ್ಗೆ ಎಲ್ಲಾ ಯಂತ್ರ ಓಡಿಸಿ. ಸಂಜೆಯೊಳಗೆ ಎಂಬತ್ತು ಪಾಸ್ ಆದರೆ ಅವರಿಗೆ ಚಹಾ ಕೊಟ್ಟು ಕಳಿಸುತ್ತೇನೆ. ಆಗದಿದ್ದರೆ ಬೀಗದ ಕೈ ಕೊಡುತ್ತೇನೆ."

ಶನಿವಾರ ನನಗೆ ರಜೆ. ಬೆಳಗಿನ ಮೊದಲ ಬಸ್ಸಿಗೇ ಹೋದೆ.

ಹಿಂದಿನ ವರ್ಷಗಳಲ್ಲಿ ಕೆಲಸ ಮಾಡಿ ಬಿಟ್ಟಿದ್ದ ಹೆಂಗಸರನ್ನೆಲ್ಲ ಪ್ರಮಿಳಾಬಾಯಿ ಒಂದು ಟೆಂಪೋದಲ್ಲಿ ತುಂಬಿಸಿಕೊಂಡು ಬಂದಿದ್ದರು. ಬೇಸಿಗೆಗೆಂದು ತರಿಸಿದ್ದ ತಗಡು, ಮೋಟಾರುಗಳು ಕೋಣೆಯಲ್ಲಿ ಹಾಗೇ ಇದ್ದವು. ಕಾಕಾ ಹಣೆಗೆ ವಿಭೂತಿ ಹಚ್ಚಿ, ಯಂತ್ರಗಳಿಗೆ ಎಣ್ಣೆ ಬಿಟ್ಟು, ತೆಂಗಿನಕಾಯಿ ಒಡೆದರು. ಅದಕ್ಕೂ ಮೊದಲು ಹೊದಿಕೆ ಸರಿಸಿದಾಗ ಒಂದು ಯಂತ್ರದ ಕೆಳಗೆ ಬೆಕ್ಕು ಮರಿ ಹಾಕಿದ್ದು ಕಂಡಿತು. "ಇವುಗಳದ್ದೂ ಬಳಕೆ ಅಂತ ಬರೆದುಕೊಳ್ಳಿ" ಎಂದು ಒಬ್ಬಾಕೆ ನನಗೆ ಹೇಳಿದಳು. ಮರಿಗಳನ್ನು ಹುಲ್ಲಿನ ಬುಟ್ಟಿಗೆ ಸಾಗಿಸಿದ ಮೇಲೆ ಮೂರೂ ಯಂತ್ರ ಒಟ್ಟಿಗೆ ಸುರುವಾದವು. ಮೊದಲು ಶೆಡ್ಡಿನ ತಗಡು ನಡುಗಿತು, ಆಮೇಲೆ ಅದೇ ಒಂದು ತಾಳಕ್ಕೆ ಬಂತು. ಹೆಂಗಸರು ಆ ತಾಳಕ್ಕೆ ಪ್ಯಾಡ್ ಕಟ್ಟತೊಡಗಿದರು. ಸುಲಭಾತಾಯಿ ಸ್ವತಃ ಜಾಲರಿ ಹಚ್ಚಲು ಕೂತರು. ಚಿಕ್ಕವರಿದ್ದಾಗ ಅಪ್ಪನ ಜೊತೆ ಬಂದು ಈ ಕೆಲಸ ಮಾಡುತ್ತಿದ್ದರಂತೆ. ಕೈಗೆ ಮರೆತಿರಲಿಲ್ಲ.

ನಾನು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದೆ. ಊಟದ ಹೊತ್ತಿಗೆ ತಯಾರಾದ ಕೂಲರುಗಳ ಸಾಲು ಪರೀಕ್ಷೆಯ ಕಟ್ಟೆಯಿಂದ ಹಿಡಿದು ಗೇಟಿನವರೆಗೆ ಬಂದಿತ್ತು. ಪಾಸ್ ಆದದ್ದು ಮಾತ್ರ ಇಪ್ಪತ್ತು. ಮೂರು ಯಂತ್ರ ಓಡಲಿ, ಮೂವತ್ತು ಓಡಲಿ. ಕಟ್ಟೆಯ ಮೇಲೆ ಹಿಡಿಯುವುದು ನಾಲ್ಕು, ಬೇಕಾಗುವುದು ಮುಕ್ಕಾಲು ಗಂಟೆ. ಈ ಕಾರ್ಖಾನೆಯ ಅಳವು ಯಂತ್ರದಲ್ಲಿ ಇರಲೇ ಇಲ್ಲ. ಕಾಕಾ ಹೆಮ್ಮೆಪಡುತ್ತಿದ್ದ ಆ ಕಟ್ಟೆಯ ಅಳವೇ ಕಾರ್ಖಾನೆಯ ಅಳವಾಗಿತ್ತು.

ಸುಲಭಾತಾಯಿಗೂ ಅದು ಹೊಳೆಯಿತು. "ಕಾಕಾ, ಇವತ್ತೊಂದು ದಿನ ಹತ್ತು ನಿಮಿಷ ನೋಡಿ ಬಿಟ್ಟುಬಿಡಿ."

"ಹತ್ತು ನಿಮಿಷಕ್ಕೆ ಯಾವ ಸೋರಿಕೆ ಕಾಣುತ್ತದೆ ತಾಯಿ? ಚಂದ್ರಪುರದಲ್ಲಿ ಮಗು ಮಲಗಿರೋ ಕೋಣೆಯಲ್ಲಿ ಇಡುತ್ತಾರೆ ಇದನ್ನು. ಶಾಕ್ ಹೊಡೆದರೆ?"

"ಎಂಬತ್ತು ಆಗದಿದ್ದರೆ ಇಟ್ಟುಕೊಳ್ಳೋಕೆ ಕಾರ್ಖಾನೆಯೇ ಇರೋದಿಲ್ಲ ಕಾಕಾ!"

"ಇಲ್ಲದಿದ್ದರೂ ಆಯಿತು." ನನ್ನ ಕಡೆ ತಿರುಗಿದರು. "ನೀನರ ಹೇಳು ತಂಗಿ."

"ನಾ ಬರಕೊಳ್ಳಾಕಿ ಕಾಕಾ, ಹೇಳಾಕಿ ಅಲ್ಲ."

"ಹಂಗಾರ ಬರಕೋ. ಮುಗಳಿ ಒಪ್ಪಲಿಲ್ಲ."

ಯಂತ್ರದವರು ಕೈ ನಿಲ್ಲಿಸಿದರು. ಇಬ್ಬರದ್ದೂ ಸರಿಯಿತ್ತು. ಸಾಲಿನ ಕೊನೆಯಲ್ಲಿ, ಇನ್ನೊಂದು ಕೂಲರಿಗೆ ಜಾಗ ಸಿಗದೆ ಅದನ್ನು ಸೊಂಟಕ್ಕೆ ಒರಗಿಸಿಕೊಂಡು ನಿಂತಿದ್ದ ಪ್ರಮಿಳಾಬಾಯಿ ಮಾತಾಡಿದರು. "ಮದುವೆಗೆ ಜನ ಹೆಚ್ಚಾದರೆ ಬೇಗ ಬೇಗ ಉಣ್ಣಿ ಅಂತೀರಾ? ಇಲ್ಲಾ ಅಂಗಳದಲ್ಲೂ ಪಂಕ್ತಿ ಹಾಕುತ್ತೀರಾ?"

ಕಾಕಾ ಅಂಗಳದ ಕಡೆ ನೋಡಿದರು. ಅಲ್ಲಿ ಒಂದು ಬೇವಿನ ಮರ, ಒಂದಷ್ಟು ಹಳೆಯ ಡ್ರಮ್ಮು, ಬಿಸಿಲು. "ನೆಲ ಸಪಾಟಿಲ್ಲ" ಎಂದರು. ಆದರೆ ಮಾತಿನಲ್ಲಿ ಸೋಲಿತ್ತು. "ಸಪಾಟು ಮಾಡಿದರಾಯಿತು" ಎಂದು ಹೆಂಗಸರು ಆಗಲೇ ಹೊರಗೆ ಓಡಿದ್ದರು.

ಮುಂದಿನದನ್ನು ಕ್ರಮವಾಗಿ ಬರೆಯುವುದು ಕಷ್ಟ. ಎಲ್ಲವೂ ಒಟ್ಟಿಗೆ ನಡೆಯಿತು. ಹಲಗೆ ಹಾಸಿದರು, ಅಡಿಗೆ ಇಟ್ಟಿಗೆ ಇಟ್ಟರು. ಪಕ್ಕದ ಎಣ್ಣೆ ಮಿಲ್ಲಿನವರು ಗೋಡೆಯ ಮೇಲಿಂದ ನೀರಿನ ಪೈಪು ಎಸೆದರು. ಮೊದಲ ಸಲ ಎಲ್ಲ ಸ್ವಿಚ್ ಒತ್ತಿದಾಗ ಫ್ಯೂಸ್ ಹಾರಿತು. ಮಿಲ್ಲಿನ ಎಲೆಕ್ಟ್ರಿಷಿಯನ್ ಬೈಯುತ್ತಾ ಬಂದು ದಪ್ಪನೆಯ ಬೇರೆ ತಂತಿ ಎಳೆದುಕೊಟ್ಟ. ಬೇವಿನ ಮರದ ಸುತ್ತ ದೊಡ್ಡ ವೃತ್ತವಾಗಿ, ಮುಖ ಒಳಗೆ ಮಾಡಿ ಕೂಲರುಗಳನ್ನು ನಿಲ್ಲಿಸಿದ್ದರು. ಎಲ್ಲವೂ ಒಮ್ಮೆಗೇ ಸುರುವಾದವು.

ಹೊರಗೆ ನಲವತ್ತು ಡಿಗ್ರಿ ದಾಟಿದ ವಿದರ್ಭದ ಬಿಸಿಲು. ಆ ವೃತ್ತದೊಳಗೆ ಹೆಜ್ಜೆ ಇಟ್ಟರೆ ಮೈಮೇಲೆ ಮುಳ್ಳೇಳುವ ತಂಪು. ನಾಲ್ಕೂ ದಿಕ್ಕಿನಿಂದ ಒದ್ದೆ ಹುಲ್ಲಿನ ಗಾಳಿ. ಬೇವಿನ ಎಲೆಗಳು ಯಾವ ಕಡೆ ಹಾರಬೇಕೆಂದು ತಿಳಿಯದೆ ನಡುವೆಯೇ ಸುತ್ತಿದವು. ಸುಲಭಾತಾಯಿಯ ಓಢಣಿ ಹಾರಿ ಮರದ ಕೊಂಬೆಗೆ ಸಿಕ್ಕಿತು. ಅವರು ಅದನ್ನು ಹಾಗೇ ಬಿಟ್ಟರು. ಸುದ್ದಿ ವಸಾಹತಿನ ತುಂಬ ಹರಡಿ, ಎಣ್ಣೆ ಮಿಲ್ಲಿನವರು, ಲಾರಿ ಡ್ರೈವರುಗಳು, ಎದುರಿನ ಪೆಟ್ಟಿಗೆ ಕಾರ್ಖಾನೆಯವರು ಒಬ್ಬೊಬ್ಬರಾಗಿ ಬಂದು ನಡುವೆ ನಿಂತರು. ಚಹಾದವನು ಗಾಡಿಯನ್ನೇ ಒಳಗೆ ತಂದ, ಆದರೆ ಒಲೆ ಹೊತ್ತಿಕೊಳ್ಳಲಿಲ್ಲ. "ಚಹಾ ಬೇಡ, ಇಲ್ಲಿ ಸ್ವೆಟರ್ ಮಾರು" ಎಂದರು ಯಾರೋ. ಒಬ್ಬರು ಕಲ್ಲಂಗಡಿ ತಂದರು. ಪ್ರಮಿಳಾಬಾಯಿ ಮತ್ತವರ ಗುಂಪಿನವರು ಪ್ಯಾಡ್ ಕಟ್ಟುವ ಮೇಜುಗಳನ್ನೂ ಅಲ್ಲಿಗೇ ಎಳೆದುಕೊಂಡರು. ಕೆಲಸ ಮೊದಲಿಗಿಂತ ಚುರುಕಾಯಿತು. ತಂಪಿನಲ್ಲಿ ಕೂಲರ್ ಮಾಡಬಹುದೆಂದು ಅಲ್ಲಿ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

ಕಾಕಾ ಒಂದರಿಂದ ಒಂದಕ್ಕೆ ನಡೆಯುತ್ತಾ, ತಗಡಿಗೆ ಕಿವಿ ಹಚ್ಚುತ್ತಾ, ಗದ್ದಲಕ್ಕೆ "ಸುಮ್ಮನಿರ್ರಿ, ಮೋಟಾರು ಕೇಳಸ್ತಿಲ್ಲ!" ಎಂದು ಕನ್ನಡದಲ್ಲೇ ಗದರುತ್ತಿದ್ದರು. ಒಬ್ಬರಿಗೂ ಅರ್ಥವಾಗದಿದ್ದರೂ ಎಲ್ಲರೂ ಸುಮ್ಮನಾಗುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಒಂದು ನಿಮಿಷವನ್ನೂ ಅವರು ಬಿಟ್ಟುಕೊಡಲಿಲ್ಲ. ಸೋರಿದವನ್ನು ಪಕ್ಕಕ್ಕೆ ಇಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಎಂಬತ್ತನೆಯದರ ಮೇಲೆ ಕೆಂಪು ಗೀಟು ಬಿತ್ತು. ಹೆಂಗಸರ ಕೂಗಿಗೆ ಬೇವಿನ ಮರದ ಗುಬ್ಬಿಗಳು ಎದ್ದವು. ಕೆಲಸ ನಿಲ್ಲುವಾಗ ನನ್ನ ಲೆಕ್ಕ ಎಂಬತ್ತನಾಲ್ಕು.

ಅಲ್ಲೇ ಭಾಗಾಕಾರ ಮಾಡಿದೆ. ದಿನಕ್ಕೆ ಮಾಡುತ್ತಿದ್ದದ್ದು ಮೂವತ್ತೈದು, ಮಾಡಬಲ್ಲದ್ದು ಎಂಬತ್ತನಾಲ್ಕು. ಬಳಕೆ ಶೇಕಡಾ ನಲವತ್ತೆರಡು. ಸುಲಭಾತಾಯಿ ಅಂಕಿಯನ್ನು ಎರಡು ಸಲ ಓದಿದರು. "ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತಾ?" ಎಂದು ಕೇಳಿದರು. ತಮ್ಮ ಕಾರ್ಖಾನೆ ಖಾಲಿ ಎಂದು ಕೇಳಿ ಅಷ್ಟು ಖುಷಿಪಟ್ಟ ಮಾಲೀಕರನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಸಹಿ ಹಾಕಿ, ಅದೇ ಕೈಯಲ್ಲಿ ಚಂದ್ರಪುರಕ್ಕೆ ಫೋನ್ ಹಚ್ಚಿದರು. ಗಾಳಿಯ ಸದ್ದಿನಲ್ಲಿ ಆ ಕಡೆಯವರಿಗೆ ಕೇಳಿಸದೆ, "ಜಾಗ ಇದೆ! ಜಾಗ ಇದೆ!" ಎಂದು ಕೂಗಬೇಕಾಯಿತು. ಆ ಕಡೆಯವರು ಆರ್ಡರನ್ನು ಬೇರೆಯವರಿಗೆ ಇನ್ನೂ ಕೊಟ್ಟಿರಲಿಲ್ಲ. ಫೋನ್ ಇಡುವಾಗ ಅವರ ಮುಖ ನೋಡಿಯೇ ಹೆಂಗಸರಿಗೆ ತಿಳಿಯಿತು. ಪ್ರಮಿಳಾಬಾಯಿ ಮಾತ್ರ ಕೇಳಿ ಖಚಿತಪಡಿಸಿಕೊಂಡರು: "ಪಾಡವಾದ ಮರುದಿನ ಬರೋದಾ, ತಾಯಿ?" "ಸೋಮವಾರವೇ ಬನ್ನಿ. ಇವತ್ತು ಕರೆತಂದವರನ್ನೂ ಕರೆದುಕೊಂಡು."

ವಾರದ ನಂತರ ನಮ್ಮ ಸಾಹೇಬರು ನನ್ನನ್ನು ಕರೆಸಿದರು. ತೊಂಬತ್ತಾರರಿಂದ ಒಮ್ಮೆಗೇ ನಲವತ್ತೆರಡಕ್ಕೆ ಬಿದ್ದಿದೆ, ಕಾರ್ಖಾನೆ ಮುಚ್ಚುತ್ತಿದೆಯೇ ಎಂದರು. "ಇಲ್ಲ ಸರ್, ತೆರೆಯುತ್ತಿದೆ" ಎಂದೆ. ಅವರು ಪೆನ್ನು ತೆಗೆದು, ಷರಾ ಎಂಬ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದರು. ಪದದ ವ್ಯತ್ಯಾಸ ಎಂದು ಬರೆಸಿದೆ. ಅದಕ್ಕಿಂತ ನಿಖರವಾದ ಷರಾ ಈಗಲೂ ನನಗೆ ತೋಚುವುದಿಲ್ಲ.

ಆ ಶನಿವಾರದ್ದು ಇನ್ನೊಂದು ಉಳಿದಿದೆ. ಗೋಡೌನ್‌ನವರು ಬಂದದ್ದು ಎಲ್ಲ ಮುಗಿದ ಮೇಲೆ. ಬಿಳಿ ಶರ್ಟಿನ ಗಟ್ಟಿ ಆಳು, ಸಂಜೆಯ ಝಳದಲ್ಲಿ ಬೈಕಿನ ಮೇಲೆ ಬಂದು ಮುಖ ಕೆಂಡವಾಗಿತ್ತು. ಕೈಯಲ್ಲಿ ಉದ್ದನೆಯ ಅಳತೆಯ ಟೇಪು. ಟೇಪಿನ ತುದಿ ಹಿಡಿದು ಒಳಗೆ ನಡೆದವರಿಗೆ ಶೆಡ್ಡಿನಲ್ಲಿ ಕಾಲಿಡಲು ಜಾಗ ಕಾಣಲಿಲ್ಲ. ಅಂಗಳಕ್ಕೆ ಬಂದರು. "ಇದೆಲ್ಲ ಯಾವಾಗ ಖಾಲಿಯಾಗುತ್ತದೆ?" ಎಂದು ಸುಲಭಾತಾಯಿಯನ್ನು ಕೇಳಿದರು.

"ಖಾಲಿ ಆಗೋದಿಲ್ಲ ಭಾವೂ. ನಿಮಗೆ ಈ ಸೆಕೆಯಲ್ಲಿ ತೊಂದರೆ ಕೊಟ್ಟೆ. ಬನ್ನಿ, ಈ ಕಡೆ ಬನ್ನಿ, ಕಲ್ಲಂಗಡಿ ತಿನ್ನಿ."

ಮನುಷ್ಯ ಜಗಳಕ್ಕೆ ಸಿದ್ಧವಾಗಿಯೇ ಒಂದು ಹೆಜ್ಜೆ ಮುಂದಿಟ್ಟರು. ಆ ಹೆಜ್ಜೆ ಅವರನ್ನು ವೃತ್ತದೊಳಕ್ಕೆ ತಂದಿತು. ಸೋರಿದ್ದನ್ನು ತಿದ್ದಿ ಮತ್ತೆ ಪರೀಕ್ಷೆಗಿಟ್ಟ ನಾಲ್ಕಾರು ಕೂಲರುಗಳು ಇನ್ನೂ ಓಡುತ್ತಿದ್ದವು. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಶರ್ಟಿನ ಮೇಲಿನ ಗುಂಡಿ ಬಿಚ್ಚಿದರು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಎದುರಿಗಿದ್ದ ಕೂಲರಿನ ತಲೆಯ ಮೇಲೆ ಕೈಯಿಟ್ಟು, "ಇದು ಎಷ್ಟಕ್ಕೆ?" ಎಂದು ಕೇಳಿದರು.

ಕಾಕಾ ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟು, ತಗಡಿಗೆ ಕಿವಿ ಹಚ್ಚಿದರು.

"ರುಕೋ. ಇನ್ನೂ ಪಾಸ್ ಆಗಿಲ್ಲ" ಎಂದರು ಹಿಂದಿಯಲ್ಲಿ.

ಗೋಡೌನ್‌ನವರು ಟೇಪನ್ನು ಸುತ್ತಿ ಜೇಬಿಗೆ ಹಾಕಿ, ಬೋರಲು ಬಿದ್ದಿದ್ದ ಒಂದು ಬಕೆಟ್ಟನ್ನು ಎಳೆದುಕೊಂಡು, ಗಾಳಿಗೆ ಮುಖ ಕೊಟ್ಟು ಕಾಯುತ್ತಾ ಕೂತರು.